ಲಕ್ಕಸಂದ್ರದ ಅಳತೆ, ಮಾಲ್ಮೋದ ಅಳತೆ

ಜಯನಗರ, ಬಿಟಿಎಂ ಲೇಔಟ್, ಜೆ.ಪಿ. ನಗರದ ಕಡೆಯವರಿಗೆ ನಿಮ್ಹಾನ್ಸ್ ಅಂದರೆ ಮೊದಲು ಒಂದು ಬಸ್ ಸ್ಟಾಪು. ಆಮೇಲೆ, ತಲೆಗೆ ಪೆಟ್ಟಾದರೆ ಓಡಬೇಕಾದ ಜಾಗ. ಗೆಳೆಯರ ನಡುವಿನ ಗೇಲಿಗೂ ಆ ಹೆಸರು ಬಳಕೆಯಾಗುತ್ತದೆ, ಆ ಗೇಲಿಯಿಂದ ಅದೆಷ್ಟು ಜನ ವರ್ಷಗಟ್ಟಲೆ ಗೇಟು ದಾಟದೆ ಉಳಿದರೋ. ಆದರೂ ಲಕ್ಕಸಂದ್ರದಲ್ಲಿ ಮರಿಗೌಡ ರಸ್ತೆಯ ಆ ಗೇಟಿನಲ್ಲಿ ಸೆಕ್ಯುರಿಟಿಯವರನ್ನು "ಕುಡಿತ ಬಿಡಿಸೋ ವಾರ್ಡು ಯಾವ ಕಡೆ?" ಎಂದು ಕೇಳುವ ಹೆಂಗಸರು ದಿನವೂ ಸಿಗುತ್ತಾರೆ. ಕೇಳುವವರು ಸಾಮಾನ್ಯವಾಗಿ ಹೆಂಡತಿ ಅಥವಾ ತಾಯಿ. ಅವರು ಕರೆತಂದವನು ಎರಡು ಹೆಜ್ಜೆ ಹಿಂದೆ ನಿಂತಿರುತ್ತಾನೆ.

1974ರ ಡಿಸೆಂಬರ್ 27ರಂದು ಹುಟ್ಟಿದ ಸಂಸ್ಥೆಗೆ ಐವತ್ತು ತುಂಬಿದ ನೆಪದಲ್ಲಿ ಆ ವಾರ್ಡಿನ ಬಗ್ಗೆ ಬರೆಯುವಾಗ ಹಾಸಿಗೆಗಳ ಲೆಕ್ಕ, ಕಟ್ಟಡಗಳ ಉದ್ಘಾಟನೆ, ಗಣ್ಯರ ಭೇಟಿ ಇವುಗಳ ಪಟ್ಟಿ ಕೊಡಬಹುದು. ಅಂಥ ಪಟ್ಟಿಗಳು ವಾರ್ಷಿಕ ವರದಿಗಳಲ್ಲಿ ಇದ್ದೇ ಇವೆ. ನನ್ನ ಕುತೂಹಲ ಬೇರೆ. ಈ ಆವರಣದ ವೈದ್ಯರು ಕುಡಿತ ಮತ್ತು ಚಟದ ವಿಷಯದಲ್ಲಿ ಯುರೋಪಿನ ಸಂಸ್ಥೆಗಳ ಜೊತೆ, ಕೆಲವೊಮ್ಮೆ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ, ಕೆಲವೊಮ್ಮೆ ನೇರವಾಗಿ, ಮೂರು ದಶಕ ಕೂಡಿ ದುಡಿದಿದ್ದಾರೆ. ಅದರಿಂದ ನಮಗೆ ದಕ್ಕಿದ್ದೇನು? ಹೊಸ ಮಾತ್ರೆ ಬಂದದ್ದು ಕಡಿಮೆ, ಹೊಸ ಕಟ್ಟಡ ಇನ್ನೂ ಕಡಿಮೆ. ದಕ್ಕಿದ್ದು ಮುಖ್ಯವಾಗಿ ಅಳತೆ. ಬೆಂಗಳೂರಿನ ಕುಡಿತವನ್ನು ಪ್ರಾಗ್‌ನ ಕುಡಿತದ ಪಕ್ಕದಲ್ಲಿಟ್ಟು ನೋಡಲು ಬರುವಂಥ ಅಳತೆ. ಅದು ಸಣ್ಣ ಗಳಿಕೆ ಅನ್ನಿಸಿದರೆ ಮುಂದಿನ ಪುಟಗಳನ್ನು ಓದಿ ನೋಡಬೇಕು.

ಯುರೋಪಿನ ನಂಟು ಈ ಜಾಗಕ್ಕೆ ಹೊಸದಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಬೆಂಗಳೂರು ಪೇಟೆಯ ಬಳಿ ಹುಟ್ಟಿದ ಹುಚ್ಚಾಸ್ಪತ್ರೆ, 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿಕೊಂಡು, 1930ರ ದಶಕದಲ್ಲಿ ಊರಾಚೆಗಿದ್ದ ಈ ಜಾಗಕ್ಕೆ ಬಂತು. ಆಗ ಜಯನಗರ ಇನ್ನೂ ಹುಟ್ಟಿರಲಿಲ್ಲ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಮುಖ್ಯಸ್ಥ ಎಡ್ವರ್ಡ್ ಮ್ಯಾಪೋದರ್ 1937-38ರಲ್ಲಿ ಭಾರತ, ಸಿಲೋನ್‌ಗಳ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ ನೋಡಿ ಹೆಚ್ಚಿನವನ್ನು ಕಟುವಾಗಿ ಟೀಕಿಸಿದ. ಅವನು ಮೆಚ್ಚಿದ ಕೆಲವೇ ಆಸ್ಪತ್ರೆಗಳಲ್ಲಿ ಬೆಂಗಳೂರಿನದು ಒಂದು. ಇಲ್ಲಿನ ಡಾ. ಎಂ.ವಿ. ಗೋವಿಂದಸ್ವಾಮಿ ಅದೇ ಮಾಡ್ಸ್‌ಲಿಯಲ್ಲಿ ತರಬೇತಿ ಪಡೆದವರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲಿಯೇ ಶುರುವಾದಾಗ ಅವರೇ ಅದರ ಮೊದಲ ನಿರ್ದೇಶಕರು. ಅದನ್ನು ಕಟ್ಟಲು ನೆರವಾದವರಲ್ಲಿ ವಿಲ್ಹೆಲ್ಮ್ ಮೇಯರ್-ಗ್ರಾಸ್ ಒಬ್ಬರು. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದು ನೆಲೆಸಿದ್ದ ದೊಡ್ಡ ಮನೋವೈದ್ಯ. ಈ ಸಂಸ್ಥೆ ಮತ್ತು ಹಳೆಯ ಮಾನಸಿಕ ಆಸ್ಪತ್ರೆ ಕೂಡಿಯೇ 1974ರಲ್ಲಿ ನಿಮ್ಹಾನ್ಸ್ ಆದದ್ದು.

ಆ ಹಳೆಯ ಕಾಲದಲ್ಲಿ ಕುಡಿತಕ್ಕೆ ಯಾವ ಜಾಗವಿತ್ತು? ರೋಗಿಯ ಹೆಸರಿನ ಮುಂದೆ 'ಕಾರಣ' ಎಂಬ ಕಾಲಂನಲ್ಲಿ. ಬ್ರಿಟಿಷ್ ಭಾರತದ ಹುಚ್ಚಾಸ್ಪತ್ರೆಗಳ ರಿಜಿಸ್ಟರುಗಳಲ್ಲಿ ಗಾಂಜಾ, ಹೆಂಡ, ಶೋಕ, ದೈವಭಕ್ತಿ ಎಲ್ಲವೂ ಹುಚ್ಚಿಗೆ ಕಾರಣಗಳೇ. 1893-94ರ ಗಾಂಜಾ ವಿಚಾರಣಾ ಆಯೋಗ ಈ ರಿಜಿಸ್ಟರುಗಳನ್ನು ಒಂದೊಂದಾಗಿ ಬಗೆದು ನೋಡಿದಾಗ ಕಂಡದ್ದು, ಆ ಕಾಲಂ ತುಂಬಿದ್ದು ಬಹುಮಟ್ಟಿಗೆ ಊಹೆಯಿಂದ ಎಂದು. ಹಿಡಿದು ತಂದ ಪೊಲೀಸರು ಏನು ಹೇಳಿದರೋ ಅದೇ ರೋಗದ ಚರಿತ್ರೆ. ಕುಡಿತದ ಬಗ್ಗೆ ಏನನ್ನಾದರೂ ನಿಖರವಾಗಿ ಬರೆದಿಡುವ ಅಭ್ಯಾಸ ಬರಲು ಆಮೇಲೆ ಇನ್ನೂ ನೂರು ವರ್ಷ ಬೇಕಾಯಿತು.

ಆ ನೂರು ವರ್ಷದ ಕೊನೆಗೆ, 1981ರ ಜುಲೈನಲ್ಲಿ, ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಬೆರೆತ ಸರಕು. ಆಗಿನ ಚರ್ಚೆಯೆಲ್ಲ ಪೊಲೀಸು, ಅಬಕಾರಿ, ಲೈಸೆನ್ಸುಗಳ ಸುತ್ತ ನಡೆಯಿತು. ಸತ್ತವರು ಬಡವರು, ವಿಷ ಬೆರೆಸಿದವರು ಕಳ್ಳರು ಎಂಬಲ್ಲಿಗೆ ಕಥೆ ಮುಗಿಯಿತು. ಅಷ್ಟು ಜನ ದಿನನಿತ್ಯ ಯಾಕೆ ಕುಡಿಯುತ್ತಿದ್ದರು, ವಿಷವಿಲ್ಲದ ಸರಕು ಅವರಿಗೆ ಏನು ಮಾಡುತ್ತಿತ್ತು ಎಂಬುದು ಆರೋಗ್ಯ ಇಲಾಖೆಯ ಪ್ರಶ್ನೆಯಾಗಿ ಬರಲೇ ಇಲ್ಲ.

1985ರಲ್ಲಿ ಕೇಂದ್ರದ ಮಾದಕ ವಸ್ತು ಕಾಯಿದೆ ಬಂತು, ಅದರ ಬೆನ್ನಿಗೆ ರಾಷ್ಟ್ರೀಯ ವ್ಯಸನಮುಕ್ತಿ ಕಾರ್ಯಕ್ರಮ. ಕಾಯಿದೆ ಬಂದದ್ದು ಅಫೀಮು, ಹೆರಾಯಿನ್, ಗಾಂಜಾಗಳಿಗಾಗಿ, ಮದ್ಯ ಅದರೊಳಗೆ ಇಲ್ಲ. ಅದು ರಾಜ್ಯಗಳ ಅಬಕಾರಿಯ ಪಾಲು. ಆದರೆ 1990ರ ದಶಕದ ಆರಂಭದಲ್ಲಿ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಘಟಕ ತೆರೆದ ಮೇಲೆ ಬಾಗಿಲಿಗೆ ಬಂದವರಲ್ಲಿ ಕುಡಿತದವರೇ ಬಹುಪಾಲು. ದೆಹಲಿ, ಚಂಡೀಗಢಗಳ ಘಟಕಗಳಿಗೆ ಅಫೀಮು-ಹೆರಾಯಿನ್ ದೊಡ್ಡ ತಲೆನೋವಾಗಿದ್ದರೆ ಬೆಂಗಳೂರಿನದು ಕ್ವಾರ್ಟರು, ಪ್ಯಾಕೆಟ್ಟುಗಳ ಸಮಸ್ಯೆ. ಇಂದಿನ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್ ಬೆಳೆದದ್ದು ಆ ಘಟಕದಿಂದ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಡಾ. ಪ್ರತಿಮಾ ಮೂರ್ತಿ, ಡಾ. ವಿವೇಕ್ ಬೆನೆಗಲ್ ಪ್ರಮುಖರು. ಪ್ರತಿಮಾ ಮೂರ್ತಿಯವರು 2021ರಲ್ಲಿ ಇಡೀ ಸಂಸ್ಥೆಯ ನಿರ್ದೇಶಕರಾದರು. ವ್ಯಸನ ಚಿಕಿತ್ಸೆಯವರು ಆ ಕುರ್ಚಿಯಲ್ಲಿ ಕೂರುವುದನ್ನು 1980ರಲ್ಲಿ ಯಾರಾದರೂ ಊಹಿಸಿದ್ದರೇ ಎಂಬುದು ನನ್ನ ಅನುಮಾನ. ಇದೇ ಆವರಣದ ಎಪಿಡೆಮಿಯಾಲಜಿ ವಿಭಾಗದಲ್ಲಿ ಡಾ. ಜಿ. ಗುರುರಾಜ್ ರಸ್ತೆ ಅಪಘಾತಗಳನ್ನು ಲೆಕ್ಕ ಹಾಕುತ್ತಿದ್ದರು. ಅಪಘಾತದ ಲೆಕ್ಕ ಮತ್ತು ಕುಡಿತದ ಲೆಕ್ಕ ಒಂದೇ ಕಾಂಪೌಂಡಿನೊಳಗೆ ಸಿಕ್ಕಿದ್ದು ಬೆಂಗಳೂರಿನ ಅದೃಷ್ಟ.

ಅಷ್ಟರಲ್ಲಿ ಯುರೋಪು ಬಹಳ ದೂರ ನಡೆದಿತ್ತು. ಫಿನ್ಲೆಂಡಿನ ಸಮಾಜಶಾಸ್ತ್ರಜ್ಞ ಕೆಟಿಲ್ ಬ್ರೂನ್ ಮತ್ತು ಅವನ ಜೊತೆಗಾರರು 1975ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿಯ ಜೊತೆಗೂಡಿ, ಒಂದು ಪುಸ್ತಕ ತಂದರು. ಸಮಾಜದಲ್ಲಿ ಒಟ್ಟು ಎಷ್ಟು ಮದ್ಯ ಖರ್ಚಾಗುತ್ತದೆ ಎಂಬುದಕ್ಕೂ ಒಟ್ಟು ಎಷ್ಟು ಹಾನಿಯಾಗುತ್ತದೆ ಎಂಬುದಕ್ಕೂ ನೇರ ನಂಟಿದೆ ಎಂಬುದು ಅದರ ವಾದ. ಅಂದರೆ 'ಕುಡುಕ' ಎಂಬ ಬೇರೆಯೇ ಜಾತಿಯ ಮನುಷ್ಯನನ್ನು ಹುಡುಕಿ ರಿಪೇರಿ ಮಾಡಿದರೆ ಸಾಲದು, ಬೆಲೆ, ಅಂಗಡಿ, ವೇಳೆ, ಜಾಹೀರಾತು ಎಲ್ಲವೂ ಆರೋಗ್ಯದ ವಿಷಯ. 1992ರಲ್ಲಿ ಯುರೋಪ್ ವಲಯದ ಮೊದಲ ಮದ್ಯ ಕ್ರಿಯಾ ಯೋಜನೆ, 1995ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಯುರೋಪಿಯನ್ ಮದ್ಯ ಸನ್ನದು, 2006ರಲ್ಲಿ ಐರೋಪ್ಯ ಒಕ್ಕೂಟದ ಕಾರ್ಯತಂತ್ರ ಬಂದವು. 2010ರಲ್ಲಿ ವಿಶ್ವ ಆರೋಗ್ಯ ಅಧಿವೇಶನ ಒಪ್ಪಿದ ಜಾಗತಿಕ ಕಾರ್ಯತಂತ್ರದ ಹಿಂದೆ ಈ ಅನುಭವವೆಲ್ಲ ಇದೆ. ಸನ್ನದು ಬರೆದ ದೇಶಗಳೇ ವೈನ್ ಮಾರಿ ಬದುಕುವ ದೇಶಗಳು ಎಂಬುದನ್ನೂ ಮರೆಯಬಾರದು. ಪ್ಯಾರಿಸ್ಸಿನಲ್ಲಿ ಒಪ್ಪಿದ್ದೆಲ್ಲ ಬೋರ್ಡೊದಲ್ಲಿ ಜಾರಿಗೆ ಬಂತು ಎಂದು ಯಾರೂ ನಂಬಿಲ್ಲ.

ಇಲ್ಲಿಗೆ ಮೊದಲು ಬಂದ ಸರಕು ಒಂದು ಹತ್ತು ಪ್ರಶ್ನೆಗಳ ಹಾಳೆ. ಅದಕ್ಕೆ ಆಡಿಟ್ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನಾರ್ವೆ, ಬಲ್ಗೇರಿಯಾ, ಕೀನ್ಯಾ, ಮೆಕ್ಸಿಕೋ, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ರೋಗಿಗಳನ್ನು ಕೇಳಿ ತಯಾರಿಸಿತು. 1993ರಲ್ಲಿ ಪ್ರಕಟವಾಯಿತು. ಸೊನ್ನೆಯಿಂದ ನಲವತ್ತರವರೆಗೆ ಅಂಕ, ಎಂಟು ಮುಟ್ಟಿದರೆ ಎಚ್ಚರಿಕೆ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೂಡ ಕೇಳಬಹುದು, ರಕ್ತ ಪರೀಕ್ಷೆ ಬೇಡ. ಸುಲಭವಾಗಿ ಕಂಡ ಈ ಹಾಳೆಯನ್ನು ಕರ್ನಾಟಕದಲ್ಲಿ ಕೈಗೆತ್ತಿಕೊಂಡ ಕೂಡಲೇ ತೊಡಕು ಶುರು. ಅದು ಕೇಳುವುದು 'ಎಷ್ಟು ಡ್ರಿಂಕ್' ಎಂದು. ಒಂದು ಡ್ರಿಂಕ್ ಅಂದರೆ ಹತ್ತು ಗ್ರಾಂ ಶುದ್ಧ ಮದ್ಯಸಾರ. ಯುರೋಪಿನಲ್ಲೂ ಈ ಅಳತೆಯಲ್ಲಿ ಒಮ್ಮತವಿಲ್ಲ, ಬ್ರಿಟನ್ನಿನ ಯೂನಿಟ್ಟು ಎಂಟು ಗ್ರಾಂ, ಡೆನ್ಮಾರ್ಕಿನದು ಹನ್ನೆರಡು. ಆದರೆ ಅಲ್ಲಿ ಲೋಟ ಇದೆ, ಬಾರಿನಲ್ಲಿ ಅಳೆದು ಕೊಡುವವನಿದ್ದಾನೆ. ನಮ್ಮಲ್ಲಿ ಯಾರು ಡ್ರಿಂಕ್ ಎಣಿಸುತ್ತಾರೆ? ನೈಂಟಿ ಎನ್ನುತ್ತಾರೆ, ಕ್ವಾರ್ಟರ್ ಎನ್ನುತ್ತಾರೆ. 2007ರ ತನಕ ಸಾರಾಯಿ ಪ್ಯಾಕೆಟ್ ಎನ್ನುತ್ತಿದ್ದರು. ಹೆಂಡವಾದರೆ ಬಾಟ್ಲಿ.

ಲೆಕ್ಕ ಹಾಕಿ ನೋಡಿ. ಶೇ 42.8ರ ತೀಕ್ಷ್ಣತೆಯ ವಿಸ್ಕಿ ಅಥವಾ ಬ್ರಾಂಡಿಯ 30 ಮಿಲಿಯಲ್ಲಿ ಸುಮಾರು ಹತ್ತು ಗ್ರಾಂ ಮದ್ಯಸಾರ. ಹಾಗಾದರೆ ಒಂದು ನೈಂಟಿ ಮೂರು ಡ್ರಿಂಕ್, 180 ಮಿಲಿಯ ಒಂದು ಕ್ವಾರ್ಟರ್ ಆರು. 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲು, ಶೇ 8ರದ್ದಾದರೆ, ನಾಲ್ಕು. ಆಡಿಟ್‌ನ ಮೂರನೇ ಪ್ರಶ್ನೆ, ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಬಾರಿ ಕುಡಿಯುತ್ತೀರಿ ಎಂಬುದು. ನಾರ್ವೆಯಲ್ಲಿ ಅದು ಶನಿವಾರದ ರಾತ್ರಿಯ ಅತಿರೇಕವನ್ನು ಹಿಡಿಯುವ ಬಲೆ. ಮಡಿವಾಳದಲ್ಲಿ ಕೂಲಿ ಮುಗಿಸಿ ಒಂದು ಕ್ವಾರ್ಟರ್ ತೆಗೆದುಕೊಂಡು, ನಿಂತಲ್ಲೇ ನೀರು ಬೆರೆಸಿ ಮುಗಿಸಿ ಮನೆಗೆ ಹೋಗುವವನು ದಿನವೂ ಆ ಬಲೆಯೊಳಗೆ. ಅವನನ್ನು ಕೇಳಿದರೆ, "ಜಾಸ್ತಿ ಏನಿಲ್ಲ ಸಾರ್, ಒಂದೇ ಒಂದು" ಎನ್ನುತ್ತಾನೆ, ಸುಳ್ಳನ್ನೇನೂ ಹೇಳುತ್ತಿಲ್ಲ. ನಮ್ಮ ಕುಡಿತದ ಚಹರೆ ಹೀಗಿದೆ ಎಂದು ನಿಮ್ಹಾನ್ಸ್‌ನವರು ಮತ್ತೆ ಮತ್ತೆ ಬರೆದರು. ಕುಡಿಯುವವರ ಪ್ರಮಾಣ ಯುರೋಪಿಗಿಂತ ಎಷ್ಟೋ ಕಡಿಮೆ. ಆದರೆ ಕುಡಿಯುವವರಲ್ಲಿ ಬಹಳ ಮಂದಿ ತೀಕ್ಷ್ಣ ಮದ್ಯವನ್ನೇ, ಬೇಗ ಬೇಗ, ನಶೆ ಏರಲೆಂದೇ ಕುಡಿಯುತ್ತಾರೆ. ದೇಶದ ತಲಾವಾರು ಸರಾಸರಿ ನೋಡಿ ನೆಮ್ಮದಿಪಟ್ಟರೆ ಈ ಚಹರೆ ಕಾಣುವುದೇ ಇಲ್ಲ.

ಈ ಅಳತೆಗೆ ನಿಜವಾದ ಪರೀಕ್ಷೆ ನಡೆದದ್ದು ಕ್ಯಾಶುವಾಲ್ಟಿಯಲ್ಲಿ. 2001-02ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮದ್ಯ ಮತ್ತು ಗಾಯಗಳ ಬಗ್ಗೆ ಹನ್ನೆರಡು ದೇಶಗಳಲ್ಲಿ ಒಂದೇ ವಿಧಾನದ ಅಧ್ಯಯನ ನಡೆಸಿತು. ಯುರೋಪಿನಿಂದ ಸ್ವೀಡನ್ನಿನ ಮಾಲ್ಮೋ, ಝೆಕ್ ದೇಶದ ಪ್ರಾಗ್, ಬೆಲಾರೂಸಿನ ಮಿನ್ಸ್ಕ್. ಭಾರತದಿಂದ ಬೆಂಗಳೂರು, ವಿವೇಕ್ ಬೆನೆಗಲ್ ಅವರ ಮುಂದಾಳತ್ವದಲ್ಲಿ. ಗಾಯವಾಗಿ ಆರು ಗಂಟೆಯೊಳಗೆ ತುರ್ತು ವಿಭಾಗಕ್ಕೆ ಬಂದ ವಯಸ್ಕರನ್ನು ಮಾತನಾಡಿಸಬೇಕು, ಉಸಿರಿನ ಪರೀಕ್ಷೆ ಮಾಡಬೇಕು. ಗಾಯಕ್ಕೆ ಮುಂಚಿನ ಆರು ಗಂಟೆಯಲ್ಲಿ ಏನಾದರೂ ಕುಡಿದಿದ್ದಿರಾ, ಹೋದ ವಾರ ಇದೇ ದಿನ ಇದೇ ಹೊತ್ತಿನಲ್ಲಿ ಕುಡಿದಿದ್ದಿರಾ ಎಂದು ಕೇಳಬೇಕು. ಈ ಎರಡನೇ ಪ್ರಶ್ನೆಯೇ ಇಡೀ ವಿಧಾನದ ಜಾಣತನ. ಒಬ್ಬನನ್ನು ಇನ್ನೊಬ್ಬನಿಗೆ ಹೋಲಿಸಿದರೆ ಬಡತನ, ವಯಸ್ಸು, ಸಿಡುಕು ಎಲ್ಲ ಅಡ್ಡ ಬರುತ್ತವೆ. ಒಬ್ಬನನ್ನು ಹೋದ ವಾರದ ಅವನಿಗೇ ಹೋಲಿಸಿದರೆ ಆ ತಕರಾರುಗಳು ಬಹುಮಟ್ಟಿಗೆ ಬಿದ್ದುಹೋಗುತ್ತವೆ.

ರಕ್ತ ಒಸರುತ್ತಿರುವವನ ಬಳಿ ಬೆಂಗಳೂರಿನ ರಾತ್ರಿಯಲ್ಲಿ ಈ ಪ್ರಶ್ನೆ ಕೇಳುವುದು ಎಂಥ ಕೆಲಸವೆಂದು ಸ್ವಲ್ಪ ಯೋಚಿಸಿ. ಅಪಘಾತ ಅಂದ ಮೇಲೆ ಮೆಡಿಕೋ-ಲೀಗಲ್ ಕೇಸು, ಹೊರಗೆ ಪೊಲೀಸಪ್ಪ ಕಾಯುತ್ತಿರುತ್ತಾನೆ. ಕುಡಿದಿದ್ದೆ ಅಂದರೆ ವಿಮೆ ಹೋಯಿತು ಎಂದು ಜೊತೆಗೆ ಬಂದ ಭಾಮೈದ ಕಿವಿಯಲ್ಲಿ ಊದುತ್ತಿರುತ್ತಾನೆ. ಮಾಲ್ಮೋದಲ್ಲಿ ಈ ಸಂಕಟ ಬೇರೆ ರೀತಿಯದು. ಅದಕ್ಕೇ ಉಸಿರಿನ ಪರೀಕ್ಷೆಯ ಜೊತೆಗೆ, ರೋಗಿಯ ನಡಿಗೆ, ಮಾತು, ಕಣ್ಣು ನೋಡಿ ವೈದ್ಯರೇ ಅಮಲಿನ ಮಟ್ಟವನ್ನು ಅಂದಾಜು ಮಾಡುವ ಸಂಕೇತಗಳನ್ನೂ ಇದೇ ಅಧ್ಯಯನದಲ್ಲಿ ಒರೆಗೆ ಹಚ್ಚಿದರು. ಬಡ ಆಸ್ಪತ್ರೆಗಳಿಗೆ ಯಂತ್ರವಿಲ್ಲದಿದ್ದರೂ ಲೆಕ್ಕ ತಪ್ಪಬಾರದು ಎಂಬುದು ಉದ್ದೇಶ. ಹತ್ತು ತುರ್ತು ವಿಭಾಗಗಳ ಮಾಹಿತಿಯನ್ನು ಒಟ್ಟು ಹಾಕಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಕುಡಿದ ಆರು ಗಂಟೆಯೊಳಗೆ ಗಾಯವಾಗುವ ಸಂಭವ ಕುಡಿಯದ ಹೊತ್ತಿಗಿಂತ 5.7 ಪಟ್ಟು.

ಹೆಂಗಸರ ಲೆಕ್ಕ ಇನ್ನೂ ಕಷ್ಟದ್ದು. ಜೆನಾಸಿಸ್ ಎಂಬ ಹೆಸರಿನ ಅಂತರರಾಷ್ಟ್ರೀಯ ಅಧ್ಯಯನ ಮದ್ಯ, ಲಿಂಗ, ಸಂಸ್ಕೃತಿ ಮೂರನ್ನೂ ಸೇರಿಸಿ ನೋಡಲು ಹೊರಟಿತ್ತು. ಅದರ ಯುರೋಪಿನ ಭಾಗಕ್ಕೆ 2002ರಿಂದ 2004ರವರೆಗೆ ಐರೋಪ್ಯ ಆಯೋಗ ಹಣ ಕೊಟ್ಟಿತು, ಬರ್ಲಿನ್‌ನಿಂದ ಕಿಮ್ ಬ್ಲೂಮ್‌ಫೀಲ್ಡ್ ಅದರ ಹೊಣೆ ಹೊತ್ತಿದ್ದರು. ಒಟ್ಟು ಯೋಜನೆಯ ಹಿಂದೆ ಅಮೆರಿಕದ ಶರನ್ ವಿಲ್ಸ್‌ನ್ಯಾಕ್ ಇದ್ದರು. ಬಡ ದೇಶಗಳ ಪಾಲಿನ ಖರ್ಚಿಗೆ ವಿಶ್ವ ಆರೋಗ್ಯ ಸಂಸ್ಥೆ ನೆರವಾಯಿತು. ಭಾರತದ ಪಾಲು ಎಂದರೆ ಕರ್ನಾಟಕವೇ. ನಿಮ್ಹಾನ್ಸ್‌ನವರು ರಾಜ್ಯದ ಬೇರೆ ಬೇರೆ ಜಿಲ್ಲೆಗಳಲ್ಲಿ ಹೆಚ್ಚುಕಡಿಮೆ ಮೂರು ಸಾವಿರ ಗಂಡಸರು, ಹೆಂಗಸರನ್ನು ಸಂದರ್ಶಿಸಿದರು. ಕುಡಿಯುವ ಹೆಂಗಸರು ನೂರಕ್ಕೆ ಆರರ ಆಸುಪಾಸು. ವರದಿ 2005ರಲ್ಲಿ ಜಿನೀವಾದಿಂದ ಬಂದ ಸಂಪುಟದಲ್ಲಿ ಅಧ್ಯಾಯವಾಗಿ ಸೇರಿತು.

ಡೆನ್ಮಾರ್ಕಿನಲ್ಲಿ ಇಂಥ ಸಮೀಕ್ಷೆಯ ಮುಖ್ಯ ಪಾತ್ರ ಕುಡಿಯುವ ಹೆಂಗಸು. ಕರ್ನಾಟಕದಲ್ಲಿ ಕುಡಿಯದ ಹೆಂಗಸಿನ ಮೇಲೆ ಬಿದ್ದ ಕುಡಿತದ ಹೊರೆಯೇ ದೊಡ್ಡ ವಿಷಯ. ಅವಳು ಒಂದು ತೊಟ್ಟೂ ಮುಟ್ಟಿರುವುದಿಲ್ಲ, ಆದರೆ ಮೈಮೇಲಿನ ಬರೆಗೆ, ಒತ್ತೆಯಿಟ್ಟ ತಾಳಿಗೆ, ಶಾಲೆ ಬಿಟ್ಟ ಮಗಳಿಗೆ ಮದ್ಯವೇ ಕಾರಣ. ಯುರೋಪಿನ ಸಂಶೋಧಕರು 'ಕುಡಿತದಿಂದ ಇತರರಿಗೆ ಆಗುವ ಹಾನಿ' ಎಂಬ ಹೊಸ ಶೀರ್ಷಿಕೆಯಡಿ ದೊಡ್ಡ ಮಟ್ಟದಲ್ಲಿ ಕೆಲಸ ಶುರುಮಾಡುವ ಹೊತ್ತಿಗೆ ನಮ್ಮ ವಾರ್ಡಿನ ಸೋಶಿಯಲ್ ವರ್ಕರುಗಳಿಗೆ ಅದು ಹಳೆಯ ಪಾಠವಾಗಿತ್ತು. ಕೊಡು-ಕೊಳ್ಳುವುದರಲ್ಲಿ ಕೊಡುವ ಕೈ ಯಾವಾಗಲೂ ಅವರದೇ ಆಗಿರಲಿಲ್ಲ.

ಲೆಕ್ಕ ಕೈಗೆ ಬಂದಮೇಲೆ ದುಡ್ಡಿನ ಮಾತು ಬರಲೇಬೇಕು. ಸರ್ಕಾರಿ ದಾಖಲೆಗೆ ಸಿಗದ ಮದ್ಯ ಕರ್ನಾಟಕದಲ್ಲಿ ಎಷ್ಟಿದೆ ಎಂಬ ಬಗ್ಗೆ ಬೆನೆಗಲ್, ಗುರುರಾಜ್, ಪ್ರತಿಮಾ ಮೂರ್ತಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವರದಿ ಮಾಡಿದರು. ಬೆಂಗಳೂರು ಸುತ್ತಿನ ಹಳ್ಳಿ, ಸಣ್ಣ ಪಟ್ಟಣ, ಕೊಳೆಗೇರಿ, ನಗರ ಬಡಾವಣೆ ನಾಲ್ಕರಲ್ಲೂ 28 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ 'ಬೆಂಗಳೂರು ಅಧ್ಯಯನ' 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿಯಿಂದ ಹೊರಬಂತು. ಅದಕ್ಕೂ ಮುಂಚೆ ನಡೆದಿದ್ದ ನಿಮ್ಹಾನ್ಸ್‌ನ ಇನ್ನೊಂದು ಅಧ್ಯಯನ ಹೇಳಿದ ಮಾತು ಇವೆಲ್ಲಕ್ಕಿಂತ ಮೊನಚಾದದ್ದು. ಕರ್ನಾಟಕದಲ್ಲಿ ಮದ್ಯಕ್ಕೆ ದಾಸರಾದವರಿಂದಷ್ಟೇ ಆಗುವ ನೇರ, ಪರೋಕ್ಷ ನಷ್ಟ ಮದ್ಯದ ತೆರಿಗೆಯಿಂದ ಬರುವ ಲಾಭದ ಮೂರು ಪಟ್ಟಿಗೂ ಹೆಚ್ಚು, ರಾಜ್ಯದ ಆರೋಗ್ಯ ಬಜೆಟ್ಟಿನ ಎಷ್ಟೋ ಪಟ್ಟು. ಬೆನೆಗಲ್ ಇದನ್ನು 2005ರಲ್ಲಿ ಬ್ರಿಟನ್ನಿನ 'ಅಡಿಕ್ಷನ್' ಪತ್ರಿಕೆಯಲ್ಲಿ ಬರೆದರು. ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಉದ್ಧರಿಸಿದಷ್ಟು ಅದನ್ನು ವಿಧಾನಸೌಧದಲ್ಲಿ ಉದ್ಧರಿಸಿದ್ದು ನಾನಂತೂ ಕೇಳಿಲ್ಲ.

ವಿಧಾನಸೌಧದ ಲೆಕ್ಕ ಬೇರೆ ದಿಕ್ಕಿನಲ್ಲಿ ಸಾಗುತ್ತಿತ್ತು. 2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಹುಟ್ಟಿತು, ಮದ್ಯದ ಸಗಟು ವ್ಯಾಪಾರ ಪೂರ್ತಿ ಸರ್ಕಾರದ ಕೈಗೆ ಬಂತು. ಸ್ವೀಡನ್ನಿನ ಸಿಸ್ಟಮ್‌ಬೊಲಾಗೆಟ್, ನಾರ್ವೆಯ ವಿನ್‌ಮೊನೊಪೊಲೆಟ್, ಫಿನ್ಲೆಂಡಿನ ಆಲ್ಕೊ ಇವೂ ಸರ್ಕಾರಿ ಮದ್ಯ ಕಂಪನಿಗಳೇ. ಅಲ್ಲಿ ಸರ್ಕಾರ ಹಿಡಿದಿರುವುದು ಚಿಲ್ಲರೆ ಅಂಗಡಿ. ಅಂಗಡಿ ಕಡಿಮೆ, ವೇಳೆ ಕಡಿಮೆ, ಸ್ವೀಡನ್ನಿನಲ್ಲಿ ಭಾನುವಾರ ಬಾಗಿಲು ಬಂದ್. ಲಾಭದ ಆಸೆಯನ್ನು ಖಾಸಗಿಯವರಿಂದ ಕಿತ್ತುಕೊಳ್ಳುವುದೇ ಅದರ ಹಿಂದಿನ ವಿಚಾರ. ನಮ್ಮ ನಿಗಮ ಹಿಡಿದಿರುವುದು ಗೋದಾಮು, ಅದರ ಹಿಂದಿನ ವಿಚಾರ ತೆರಿಗೆ ಸೋರದಂತೆ ನೋಡಿಕೊಳ್ಳುವುದು. ಎರಡನ್ನೂ 'ಸರ್ಕಾರಿ ಏಕಸ್ವಾಮ್ಯ' ಎಂದು ಒಂದೇ ಸಾಲಿನಲ್ಲಿ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಮದ್ಯಪಾನ ಸಂಯಮ ಮಂಡಳಿಯೂ ಅದೇ ಸರ್ಕಾರದ್ದೇ.

2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಹೆಂಗಸರ ದಶಕಗಳ ಹೋರಾಟ ಅದರ ಹಿಂದಿತ್ತು, ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಅಂಚಿನಲ್ಲಿ, ಆನೇಕಲ್, ಕೋಲಾರದ ಕಡೆ, ಗಡಿಯಾಚೆ ಹೊಸೂರಿನ ಕಡೆ ಮತ್ತೆ ಕಳ್ಳಬಟ್ಟಿ ದುರಂತವಾಗಿ ನೂರೈವತ್ತರಷ್ಟು ಜನ ಸತ್ತರು. ನಿಮ್ಹಾನ್ಸ್ ಗೇಟಿನಿಂದ ಹೊಸೂರು ರಸ್ತೆ ಹಿಡಿದು ಹೋದರೆ ಆನೇಕಲ್, ಹೊಸೂರಿನ ಕಡೆ. ದಾಖಲೆಗೆ ಸಿಗದ ಮದ್ಯದ ಬಗ್ಗೆ ಐದು ವರ್ಷ ಮೊದಲೇ ಬರೆದಿಟ್ಟ ವರದಿ ನಿಮ್ಹಾನ್ಸ್‌ನಲ್ಲೇ ಇತ್ತು.

ಎಲ್ಲವನ್ನೂ ಸಂಸ್ಥೆಯ ಅಳತೆಗೋಲಿನಿಂದಲೇ ನೋಡುವುದು ತಪ್ಪು ಎಂಬುದಕ್ಕೆ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಸಾಕ್ಷಿ. ಎಂಟು ದಿನ ಊರಿನ ಕಲ್ಯಾಣ ಮಂಟಪದಲ್ಲೋ ಶಾಲೆಯಲ್ಲೋ ಕೂಡಿಸಿ, ಭಜನೆ, ಮಾತು, ಕೊನೆಗೆ ಸಂಕಲ್ಪ, ಆಮೇಲೆ ನವಜೀವನ ಸಮಿತಿ. ರಾಜ್ಯದಾದ್ಯಂತ ಸಾವಿರಕ್ಕೂ ಹೆಚ್ಚು ಶಿಬಿರಗಳು ಆಗಿವೆ. ಜಿನೀವಾದ ಯಾವ ಕೈಪಿಡಿಯೂ ಇದನ್ನು ಕಲಿಸಿಕೊಟ್ಟಿಲ್ಲ. ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಕಾಡಬಹುದು, ಪ್ರಾಣಕ್ಕೂ ಅಪಾಯ. ಆದ್ದರಿಂದ ವೈದ್ಯರಿಲ್ಲದ ಶಿಬಿರ ಸರಿಯಲ್ಲ ಎಂದು ಮನೋವೈದ್ಯರು ಹೇಳುವುದರಲ್ಲಿ ನ್ಯಾಯವಿದೆ. ಆದರೆ ವಾರ್ಡಿನಿಂದ ಮನೆಗೆ ಹೋದವನನ್ನು ಮರುವಾರ ಅವನ ಬೀದಿಯಲ್ಲೇ ಮಾತನಾಡಿಸುವವರು ಶಿಬಿರದವರಿಗೆ ಇದ್ದಾರೆ, ಆಸ್ಪತ್ರೆಗೆ ಇಲ್ಲ.

ಇತ್ತೀಚಿನ ದೊಡ್ಡ ಕೂಡುಕೆಲಸದ ಹೆಸರು ಸಿ-ವೇದ. ಯುರೋಪಿನಲ್ಲಿ ಇಮಾಜೆನ್ ಎಂಬ ಅಧ್ಯಯನ 2007-08ರ ಹೊತ್ತಿಗೆ ಲಂಡನ್, ನಾಟಿಂಗ್‌ಹ್ಯಾಮ್, ಡಬ್ಲಿನ್, ಪ್ಯಾರಿಸ್, ಬರ್ಲಿನ್, ಹ್ಯಾಂಬರ್ಗ್, ಮಾನ್‌ಹೈಮ್, ಡ್ರೆಸ್ಡನ್‌ಗಳ ಹದಿನಾಲ್ಕು ವರ್ಷದ ಎರಡು ಸಾವಿರ ಮಕ್ಕಳನ್ನು ಹಿಡಿದು, ಮಿದುಳಿನ ಸ್ಕ್ಯಾನ್ ಮಾಡಿ, ವಂಶವಾಹಿ ನೋಡಿ, ಯಾರು ಮುಂದೆ ಚಟಕ್ಕೆ ಬೀಳುತ್ತಾರೆ ಎಂದು ವರ್ಷಗಟ್ಟಲೆ ಹಿಂಬಾಲಿಸತೊಡಗಿತು. ಅದರ ಮುಂದಾಳು ಲಂಡನ್ನಿನ ಕಿಂಗ್ಸ್ ಕಾಲೇಜಿನ ಗುಂಟರ್ ಶೂಮನ್. ಬೆನೆಗಲ್ ಮತ್ತು ಶೂಮನ್ ಸೇರಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ನ್ಯೂಟನ್ ನಿಧಿಯ ಹಣದಿಂದ, 2016ರಲ್ಲಿ ಭಾರತದ್ದೇ ಅಧ್ಯಯನ ಶುರುಮಾಡಿದರು. ಆರರಿಂದ ಇಪ್ಪತ್ಮೂರು ವರ್ಷದ ಒಂಬತ್ತು ಸಾವಿರದಷ್ಟು ಮಂದಿ, ಏಳು ಕಡೆ. ಬೆಂಗಳೂರಿನಲ್ಲೇ ಎರಡು, ನಿಮ್ಹಾನ್ಸ್ ಮತ್ತು ಸೇಂಟ್ ಜಾನ್ಸ್. ಉಳಿದಂತೆ ಮೈಸೂರು, ಚಂಡೀಗಢ, ಕೋಲ್ಕತ್ತ, ಇಂಫಾಲ, ರಿಷಿ ವ್ಯಾಲಿ. ಕಿಂಗ್ಸ್ ಕಾಲೇಜಿನ ಆ ಮನೋವೈದ್ಯ ಸಂಸ್ಥೆ ಇರುವುದು ಮಾಡ್ಸ್‌ಲಿ ಆಸ್ಪತ್ರೆಯ ಪಕ್ಕದಲ್ಲಿ. ಗೋವಿಂದಸ್ವಾಮಿ ಕಲಿಯಲು ಹೋದದ್ದೂ ಅಲ್ಲಿಗೇ. ಈ ಬಾರಿ ಪ್ರಶ್ನೆಯನ್ನೇ ತಿದ್ದುವ ಹಕ್ಕು ಇಲ್ಲಿನವರ ಕೈಯಲ್ಲಿತ್ತು. ಯುರೋಪಿನ ಮಕ್ಕಳ ವಿಷಯದಲ್ಲಿ ಅಷ್ಟಾಗಿ ಕೇಳಬೇಕಿಲ್ಲದ ಸಂಗತಿಗಳು, ಹಸಿವು, ಹೊಗೆ, ಸೀಸ-ಆರ್ಸೆನಿಕ್‌ನಂಥ ವಿಷಗಳು, ಗಲಭೆಯ ನಡುವಿನ ಬದುಕು, ಪ್ರಶ್ನಾವಳಿಯೊಳಗೆ ಬಂದವು. ಮೊದಲ ಗುಟುಕಿಗೂ ಮುಂಚೆ, ಹೊಟ್ಟೆಯಲ್ಲಿದ್ದಾಗಲೇ, ಚಟದ ದಾರಿ ತೆರೆಯುತ್ತದೆಯೇ ಎಂದು ಕೇಳಬಲ್ಲ ಅಧ್ಯಯನ ಇದು. ಉತ್ತರ ಬರಲು ಆ ಮಕ್ಕಳು ದೊಡ್ಡವರಾಗಬೇಕು.

ಯುರೋಪಿನಿಂದ ಬೆಂಗಳೂರಿಗೆ ಆರೋಗ್ಯದವರು ಮಾತ್ರ ಬಂದಿಲ್ಲ ಎಂಬುದನ್ನು ಇಂಥ ಬರಹಗಳಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಯುನೈಟೆಡ್ ಸ್ಪಿರಿಟ್ಸ್ ಇಂದು ಲಂಡನ್ನಿನ ಡಿಯಾಜಿಯೊ ಒಡೆತನದ್ದು. ಕಿಂಗ್‌ಫಿಷರ್ ತಯಾರಿಸುವ ಯುನೈಟೆಡ್ ಬ್ರೂವರೀಸ್‌ನಲ್ಲಿ 2021ರಿಂದ ಆಮ್‌ಸ್ಟರ್‌ಡ್ಯಾಮ್‌ನ ಹೈನೆಕೆನ್‌ಗೆ ಬಹುಪಾಲು. ನಮ್ಮೂರಿನ ಕ್ರಿಕೆಟ್ ತಂಡದ ಹೆಸರು ಯಾವ ಮದ್ಯದಿಂದ ಬಂತೆಂದು ಜಯನಗರದ ಹುಡುಗರಿಗೆ ಹೇಳಿಕೊಡಬೇಕಿಲ್ಲ. 2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದ ಸ್ಕಾಚ್ ವಿಸ್ಕಿಯ ಆಮದು ಸುಂಕವನ್ನು ಶೇ 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ ಶೇ 40ಕ್ಕೆ ಇಳಿಸುತ್ತದೆ. ಬೆಲೆ ಏರಿಸುವುದೇ ಹಾನಿ ತಗ್ಗಿಸುವ ಅತ್ಯುತ್ತಮ ಉಪಾಯವೆಂದು ಯುರೋಪಿನ ಆರೋಗ್ಯ ಸಂಸ್ಥೆಗಳು ಐವತ್ತು ವರ್ಷದಿಂದ ಹೇಳುತ್ತ ಬಂದಿವೆ, ಯುರೋಪಿನ ವಾಣಿಜ್ಯ ಇಲಾಖೆಗಳು ಬೆಲೆ ಇಳಿಸಲು ವಿಮಾನ ಹತ್ತುತ್ತವೆ. ಇದರಲ್ಲಿ ನಮ್ಮವರನ್ನು ಬಿಟ್ಟು ಅವರನ್ನೇ ದೂರಬೇಕಿಲ್ಲ. 2023ರ ಜನವರಿಯಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಟದ್ದು ನಮ್ಮದೇ ಅಬಕಾರಿ ಇಲಾಖೆಯಿಂದ, ಜನ ವಿರೋಧಿಸಿದ ಮೇಲೆ ಹಿಂದಕ್ಕೆ ಹೋಯಿತು. ಹಾಗೆಯೇ ಒಂದು ವಿಷಯದಲ್ಲಿ ನಾವು ಮುಂದಿದ್ದೇವೆ. ಬಾಟಲಿನ ಮೇಲೆ ಆರೋಗ್ಯ ಎಚ್ಚರಿಕೆ ಭಾರತದಲ್ಲಿ 2019ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಒಂದೇ ನಿಯಮದಡಿ ಕಡ್ಡಾಯ. ಐರ್ಲೆಂಡ್ 2023ರಲ್ಲಿ ವಿವರವಾದ ಎಚ್ಚರಿಕೆಯ ನಿಯಮ ಮಾಡಿಯೂ ವ್ಯಾಪಾರದ ಒತ್ತಡದಲ್ಲಿ 2028ಕ್ಕೆ ಮುಂದೂಡಿತು.

ಬಿಟಿಎಂ ಲೇಔಟಿನ ನಿಮ್ಹಾನ್ಸ್ ಸೆಂಟರ್ ಫಾರ್ ವೆಲ್‌ಬೀಯಿಂಗ್‌ಗೆ ಈಗ ಬರುವವರಲ್ಲಿ ಮೊಬೈಲು, ಗೇಮುಗಳಿಗೆ ಅಂಟಿಕೊಂಡ ಮಕ್ಕಳೂ ಇದ್ದಾರೆ. 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಅವರಿಗಾಗಿ. ಆಸ್ಪತ್ರೆಯ ಗೇಟು ದಾಟಲು ಹಿಂಜರಿಯುವ ಮಧ್ಯಮ ವರ್ಗ ಈ ಬಡಾವಣೆಯ ಮನೆಯಂಥ ಕಟ್ಟಡಕ್ಕೆ ಸಲೀಸಾಗಿ ಹೋಗುತ್ತದೆ. ತಂಬಾಕು ಬಿಡುವವರಿಗೆ ಕ್ವಿಟ್‌ಲೈನ್ ಇದೆ, 1800-112-356. ಮನಸ್ಸಿನ ಯಾವುದೇ ತೊಂದರೆಗೆ, ಕುಡಿತವೂ ಸೇರಿ, ಟೆಲಿ-ಮಾನಸ್ 14416. ಎರಡರಲ್ಲೂ ಕನ್ನಡದಲ್ಲಿ ಮಾತನಾಡಬಹುದು, ಎರಡೂ ಉಚಿತ.

ಅಳತೆಯ ಕೆಲಸ ಮಾತ್ರ ಮುಗಿದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಿಮ್ಹಾನ್ಸ್, ಹನ್ನೆರಡು ರಾಜ್ಯಗಳಲ್ಲಿ. ವಯಸ್ಕರಲ್ಲಿ ಶೇ 4.6 ಮಂದಿಗೆ ಮದ್ಯ ಸೇವನೆಯ ಕಾಯಿಲೆ ಇದೆ ಎಂದು ಅದು ಹೇಳಿತು. ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ. ಮಣಿಪುರದ, ರಾಜಸ್ಥಾನದ ಅಂಕಿ ಲಕ್ಕಸಂದ್ರದಲ್ಲಿ ಕೂಡಿ ಕಳೆದು ತಯಾರಾಯಿತು, ಲಕ್ಕಸಂದ್ರದ ಅಂಕಿ ಅದರಲ್ಲಿಲ್ಲ. ಎರಡನೇ ಸುತ್ತನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿ ರೂಪಿಸಿದ್ದಾರೆ. ಆ ಸಂಖ್ಯೆ ಬಂದ ದಿನ ಅದನ್ನು ಅಬಕಾರಿ ಇಲಾಖೆಯವರೂ ಓದುತ್ತಾರೋ ಇಲ್ಲವೋ ನೋಡಬೇಕು.